ನೀರಿನ ಬಾಗಿಲು, ಹಿತ್ತಿಲ ಬೂದಿ

ನಮ್ಮ ಹಿತ್ತಿಲಿಂದ ಬೂದಿ ಕಳುವಾಗುತ್ತಿದೆ ಎಂದು ನಾನು ಮೊದಲ ಸಲ ಹೇಳಿದ ದಿನ ನನ್ನ ಗಂಡ ಬಾಯಿಗಿಟ್ಟ ತುತ್ತು ನುಂಗಲಾಗದೆ ನಕ್ಕರು. ನೀರು ಕುಡಿದು, ಕಣ್ಣು ಒರೆಸಿಕೊಂಡು, "ಬಂಗಾರಂತೂ ಹೋಗಿಲ್ಲಲಾ? ಬರೇ ಬೂದಿ ಹೋಗೇತಿ, ಹೌದಿಲ್ಲ?" ಎಂದು ಕೇಳಿದರು. ನನಗೆ ಮೈಯೆಲ್ಲ ಉರಿಯಿತು. ಬಂಗಾರ ಕದಿಯುವವನ ಉದ್ದೇಶ ಯಾರಿಗಾದರೂ ಗೊತ್ತಾಗುತ್ತದೆ. ಬೂದಿ ಕದಿಯುವವನ ಉದ್ದೇಶ ಏನು? ಅಷ್ಟೂ ಯೋಚಿಸದೆ ನಗುವ ಮನುಷ್ಯ ಓವರ್ಸಿಯರ್ ಕೆಲಸ ಹೇಗೆ ಮಾಡುತ್ತಾನೋ ಎಂದುಕೊಂಡು ಸಾರು ಬಡಿಸಿದೆ.

ಎಂಬತ್ತರ ದಶಕದ ನಡುವಿನ ಮಾತು ಇದು. ಬೆಳಗಾವಿಯಿಂದ ವರ್ಗವಾಗಿ ನಾವು ನಾಗಪುರದ ಮಗ್ಗುಲಿನ ಕಾಮ್ಟಿಗೆ ಬಂದು ಎರಡು ವರ್ಷವಾಗಿತ್ತು. ದಂಡು ಪ್ರದೇಶದ ಕಟ್ಟಡ, ರಸ್ತೆ, ನೀರಿನ ಕೊಳವೆಗಳ ದುರಸ್ತಿ ನೋಡಿಕೊಳ್ಳುವ ಒಂದು ಆಫೀಸಿನಲ್ಲಿ ನನ್ನ ಗಂಡನ ಕೆಲಸ. ನದಿಯ ದಿಕ್ಕಿಗೆ ಏಳು ಮನೆಗಳ ಒಂದು ಸಾಲು. ಅದರಲ್ಲಿ ನಮ್ಮದು ಮೊದಲನೆಯದು. ಕಲ್ಲಿದ್ದಲ ಗಣಿಗಳು ಹತ್ತಿರವಿದ್ದುದರಿಂದ ಏಳೂ ಮನೆಗಳಲ್ಲಿ ಸ್ನಾನದ ನೀರು ಕಾಯುತ್ತಿದ್ದುದು ತಾಮ್ರದ ಬಂಬದಲ್ಲಿ, ಕಲ್ಲಿದ್ದಲ ಉರಿಯಿಂದ. ಬೂದಿಯನ್ನು ಜರಡಿ ಹಿಡಿದು, ನುಣ್ಣಗಿನದನ್ನು ಪಾತ್ರೆ ತಿಕ್ಕಲು ಡಬ್ಬಿಯಲ್ಲಿ ತುಂಬಿ, ಉಳಿದ ತರಿಯನ್ನು ಹಿತ್ತಿಲ ಗೋಡೆಯಾಚೆ ಸುರಿಯುತ್ತಿದ್ದೆವು. ವಾರಕ್ಕೊಮ್ಮೆ ಕಸದ ಗಾಡಿ ಬಂದು ಅದನ್ನು ಒಯ್ಯಬೇಕು. ಆ ಚಳಿಗಾಲದಲ್ಲಿ ಗಾಡಿ ಬರುವ ಮೊದಲೇ ರಾಶಿ ಮಾಯವಾಗುತ್ತಿತ್ತು. ಮಾಯವಾದರೆ ಹೋಗಲಿ, ಅದು ಬಿದ್ದಿದ್ದ ಜಾಗವನ್ನು ಯಾರೋ ಚೊಕ್ಕಟವಾಗಿ ಗುಡಿಸಿ ಹೋಗುತ್ತಿದ್ದರು. ಕದ್ದವರು ಗುಡಿಸುತ್ತಾರೆಯೇ? ಮಣ್ಣಿನ ಮೇಲೆ ಮೂಡಿದ್ದ ಕಸಬರಿಗೆಯ ಗೆರೆಗಳನ್ನು ನೋಡಿದ ದಿನದಿಂದ ನನಗೆ ನಿದ್ದೆ ಸರಿಯಾಗಿ ಹತ್ತಲಿಲ್ಲ.

ಅನುಮಾನದ ವಿಷಯದಲ್ಲಿ ನಾನು ಯಾರಿಗೂ ಕಡಿಮೆಯಿರಲಿಲ್ಲ ಎಂದು ಈಗ ಒಪ್ಪಿಕೊಳ್ಳುತ್ತೇನೆ. ಹಾಲಿನವನ ಎದುರೇ ಹಾಲಿಗೆ ಬೆರಳದ್ದಿ ನೋಡುತ್ತಿದ್ದೆ. ಇಸ್ತ್ರಿಯವನು ತಂದ ಸೀರೆಯನ್ನು ಅವನ ಹೆಂಡತಿ ಒಂದು ಮದುವೆಗೆ ಉಟ್ಟು ಬಂದಿಲ್ಲವಷ್ಟೇ ಎಂದು ಮೂಸುತ್ತಿದ್ದೆ. ನಾಗಪುರದ ಮಹಾಲ್ ಪೇಟೆಯ ಓಣಿಯಲ್ಲಿ ಹಿತ್ತಾಳೆ ಕೊಡ ಕೊಂಡಾಗ ಅಂಗಡಿಯವ ನಗುನಗುತ್ತ ಮಾತಾಡಿದನೆಂಬ ಒಂದೇ ಕಾರಣಕ್ಕೆ ಮನೆಗೆ ಬಂದು ಮೂರು ಸಲ ನೀರು ತುಂಬಿ ಸೋರುತ್ತದೆಯೇ ಎಂದು ಕಾದು ಕೂತೆ. ಸೋರಲಿಲ್ಲ. ಸಮಾಧಾನವಾಗುವ ಬದಲು ಒಂಥರಾ ನಿರಾಸೆಯಾಯಿತು. ಕಾಲವೂ ಹಾಗೇ ಇತ್ತೆನ್ನಿ. ವಾರಸುದಾರರಿಲ್ಲದ ಟ್ರಾನ್ಸಿಸ್ಟರ್ ಮುಟ್ಟಬೇಡಿ, ಬಾಂಬ್ ಇದ್ದೀತು, ಸೀಟಿನ ಕೆಳಗೆ ನೋಡಿ ಕೂಡಿರಿ ಎಂದು ಬಸ್ಸಿನೊಳಗೆ ಬರೆದಿರುತ್ತಿದ್ದ ದಿನಗಳು. ಎಲ್ಲರೂ ಒಮ್ಮೆ ಬಗ್ಗಿ ನೋಡಿ ಕೂರುತ್ತಿದ್ದರು. ನಾನು ಇಳಿಯುವ ಮೊದಲು ಇನ್ನೊಮ್ಮೆ ನೋಡುತ್ತಿದ್ದೆ.

ಬೂದಿಯ ಕಳ್ಳರ ಪಟ್ಟಿಯಲ್ಲಿ ಮೊದಲು ನಮ್ಮ ಪಾತ್ರೆ ತಿಕ್ಕುವವಳಿದ್ದಳು. ಅವಳು ಬೇರೆ ಕಡೆ ಒಯ್ದು ಮಾರುತ್ತಾಳೆ ಎಂದುಕೊಂಡೆ. ತರಿಬೂದಿಯನ್ನು ಯಾರು ಕೊಳ್ಳುತ್ತಾರೆ ಎಂಬ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲವಾದ್ದರಿಂದ ಅವಳನ್ನು ಕೈಬಿಟ್ಟು ಮೂರನೇ ಮನೆಯ ಮರಾಠಿ ಗೃಹಿಣಿಯನ್ನು ಹಿಡಿದೆ. ಅವಳ ಮನೆಯ ತಂಬಿಗೆ ಚರಿಗೆಗಳು ಕಣ್ಣು ಕುಕ್ಕುವಷ್ಟು ಹೊಳೆಯುತ್ತಿದ್ದವು. ಒಂದು ಮಧ್ಯಾಹ್ನ ಅವಳೇ ನಮ್ಮ ಅಂಗಳಕ್ಕೆ ಬಂದು, ದನಿ ತಗ್ಗಿಸಿ, "ವೈನಿ, ನಿಮ್ಮ ಹಿಂದಿನ ರಾಖ್ ಕೂಡ ಗಾಯಬ್ ಆಗತದ ಕಾ?" ಎಂದಳು. ನಮ್ಮ ಮನೆಗೆ ಬಂದು ಬಂದು ಅವಳ ಮಾತಿನಲ್ಲಿ ಕನ್ನಡ ಒಂದಿಷ್ಟು ಸೇರಿಕೊಂಡಿತ್ತು. ಏಳೂ ಮನೆಗಳಲ್ಲಿ ಇದೇ ಕಥೆಯಂತೆ. ಅವಳನ್ನು ಪಟ್ಟಿಯಿಂದ ತೆಗೆದೆ. ಕಳ್ಳ ಹೊರಗಿನವನು ಎಂದು ಖಾತ್ರಿಯಾಯಿತು, ಹೆದರಿಕೆಯೂ ಆಯಿತು.

ಮನಸ್ಸಿನ ಈ ಭಾರವನ್ನು ಇಳಿಸಿಕೊಳ್ಳಲು ನಾನು ದಿನಾ ಬೆಳಿಗ್ಗೆ ನದಿಯ ಕಡೆ ನಡೆಯಲು ಹೋಗುತ್ತಿದ್ದೆ. ಮನೆಯಿಂದ ಹತ್ತು ನಿಮಿಷಕ್ಕೆ ಕನ್ಹಾನ್ ನದಿ. ಅಲ್ಲಿ ನೀರಿಗೆ ಅಡ್ಡಲಾಗಿ ಇಂಗ್ಲಿಷರ ಕಾಲದ ಒಂದು ತಗ್ಗಾದ ಕಲ್ಲಿನ ಒಡ್ಡು. ಒಡ್ಡಿನ ಪಕ್ಕದಲ್ಲಿ, ದಡಕ್ಕೆ ಅಂಟಿಕೊಂಡು, ಉದ್ದನೆಯ ಕಲ್ಲಿನ ತೊಟ್ಟಿ. ಅದರ ಮೇಲ್ತುದಿಗೊಂದು ಕೆಳತುದಿಗೊಂದು ದೊಡ್ಡ ತೇಗದ ಜೋಡಿ ಬಾಗಿಲು. ಊರವರು ಅದನ್ನು ಪಾಣಿ ದರವಾಜಾ, ನೀರಿನ ಬಾಗಿಲು ಎನ್ನುತ್ತಿದ್ದರು. ಹಿಂದೆ ದಂಡಿನ ಬ್ಯಾರಕ್ಕುಗಳನ್ನು ಕಟ್ಟುವಾಗ ನದಿಯ ಮೇಲ್ಭಾಗದ ಗಣಿಗಳಿಂದ ಕಟ್ಟಡದ ಕಲ್ಲು ದೋಣಿಗಳಲ್ಲಿ ಬರುತ್ತಿತ್ತಂತೆ. ದೋಣಿ ಒಡ್ಡಿನ ಮೇಲಿಂದ ಕೆಳಕ್ಕೆ ಧುಮುಕಲಾಗದಲ್ಲ? ಅದಕ್ಕೇ ಅದನ್ನು ತೊಟ್ಟಿಯೊಳಗೆ ತಂದು, ಮೇಲಿನ ಬಾಗಿಲು ಮುಚ್ಚಿ, ಒಳಗಿನ ನೀರನ್ನು ನಿಧಾನವಾಗಿ ಬಿಟ್ಟು, ದೋಣಿ ನೀರಿನ ಜೊತೆಯಲ್ಲೇ ಇಳಿದ ಮೇಲೆ ಕೆಳಗಿನ ಬಾಗಿಲು ತೆರೆದು ಕಳಿಸುತ್ತಿದ್ದರು. ದಡದ ಮೇಲೆ ಬೇವು ಹುಣಿಸೆಗಳ ಕೆಳಗೆ ಎರಡು ಕಾಲುದಾರಿಗಳಿದ್ದವು. ಒಂದು, ದೋಣಿಗೆ ಹಗ್ಗ ಕಟ್ಟಿ ಎಳೆಯುತ್ತಿದ್ದ ಎತ್ತುಗಳು ನಡೆದ ಕಲ್ಲುಹಾಸಿನ ದಾರಿ. ಮೂಲೆಗಲ್ಲಿನಲ್ಲಿ ಹಗ್ಗ ಉಜ್ಜಿ ಉಜ್ಜಿ ಬೆರಳು ತೂರುವಷ್ಟು ಆಳದ ಗೀರುಗಳಾಗಿದ್ದವು. ಇನ್ನೊಂದು, ತೊಟ್ಟಿಯನ್ನು ಸುತ್ತುಹಾಕಿ ಕೆಳಗಿನ ಸ್ನಾನದ ಮೆಟ್ಟಿಲುಗಳಿಗೆ ಇಳಿಯುವ ಮಣ್ಣಿನ ದಾರಿ. ನಾನು ಮೇಲಿನದರಲ್ಲಿ ಹೋಗಿ ಕೆಳಗಿನದರಲ್ಲಿ ಬರುತ್ತಿದ್ದೆ.

ದೋಣಿ ನಿಂತು ಎಷ್ಟೋ ಕಾಲವಾಗಿದ್ದರೂ ಬಾಗಿಲಿಗೊಬ್ಬ ಕಾವಲುಗಾರನಿದ್ದ. ಅವನ ಅಪ್ಪನೂ ಅಜ್ಜನೂ ಅದೇ ಕೆಲಸದಲ್ಲಿದ್ದವರು. ತೊಟ್ಟಿಯ ಪಕ್ಕದ ಎರಡು ಕೋಣೆಯ ಕಲ್ಲಿನ ಮನೆಯಲ್ಲೇ ಅವನು ಹುಟ್ಟಿದ್ದು. ಹೆಂಡತಿ ತೀರಿಕೊಂಡಿದ್ದಳು, ಮಕ್ಕಳಿರಲಿಲ್ಲ. ಜೊತೆಗಿದ್ದವನು ಒಬ್ಬ ತಮ್ಮ, ಇವನಿಗಿಂತ ಇಪ್ಪತ್ತು ವರ್ಷ ಚಿಕ್ಕವನು. ಅವನನ್ನು ಇವನೇ ಎತ್ತಿ ಆಡಿಸಿ ಬೆಳೆಸಿದ್ದು. ತಮ್ಮ ನಾಗಪುರದ ಆಚೆ ತುದಿಯ ವಾಡಿಯ ಗೋದಾಮುಗಳಲ್ಲಿ ಲಾರಿಗೆ ಮಾಲು ತುಂಬುವ ಕೆಲಸಕ್ಕೆ ಹೋಗುತ್ತಿದ್ದ. ನಗರದ ಈ ತುದಿಯಿಂದ ಆ ತುದಿಗೆ ದಿನಾ ಎರಡು ಬಸ್ಸು ಬದಲಿಸಿ ಓಡಾಡಿ ಅವನಿಗೆ ಸಾಕಾಗಿತ್ತು. "ಈ ಕೊಳೆತ ಬಾಗಿಲು ಬಿಟ್ಟು ವಾಡಿಗೆ ನಡಿ ಅಣ್ಣಾ" ಎಂದು ಅವನು ಗದರುವುದನ್ನು ನಾನೇ ದಾರಿಯಲ್ಲಿ ನಿಂತು ಕೇಳಿದ್ದೇನೆ. ಅವರದು ನಾಗಪುರದ ಮರಾಠಿ. ಬೆಳಗಾವಿಯಲ್ಲಿ ಬೆಳೆದ ನನಗೆ ಅರ್ಥವಾಗಲು ಕಷ್ಟವಿರಲಿಲ್ಲ.

ಆ ವರ್ಷ ಆಫೀಸಿನಲ್ಲಿ ಒಂದು ತೀರ್ಮಾನವಾಯಿತು. ಚಳಿಗಾಲದಲ್ಲಿ ಬಾಗಿಲಿನ ಪರೀಕ್ಷೆ ಮಾಡಬೇಕು. ತೊಟ್ಟಿ ತುಂಬಿಸಿ ಎರಡೂ ಬಾಗಿಲು ಮುಚ್ಚಿದರೆ ಒಂದು ಹಗಲು ಒಂದು ರಾತ್ರಿಯಲ್ಲಿ ನೀರು ಒಂದು ಗೇಣಿಗಿಂತ ಹೆಚ್ಚು ಇಳಿಯಬಾರದು. ಇಳಿಯದಿದ್ದರೆ ಬಾಗಿಲು, ಕಾವಲುಗಾರ, ಮನೆ, ದಾರಿಗಳು ಎಲ್ಲ ಇದ್ದ ಹಾಗೇ ಇರುತ್ತವೆ. ಇಳಿದರೆ ತೊಟ್ಟಿಗೆ ಕಲ್ಲುಮಣ್ಣು ತುಂಬಿ ಮುಚ್ಚಿ, ಮನೆ ಕೆಡವಿ, ಅವನನ್ನು ಮನೆಗೆ ಕಳಿಸುವುದು. ಮನೆಗೆ ಕಳಿಸುವುದು ಎಂದು ನನ್ನ ಗಂಡ ಹೇಳಿದಾಗ, "ಅವನ ಮನೀನ ಕೆಡವಿದ ಮ್ಯಾಲೆ ಯಾವ ಮನೀಗೆ ಕಳಸ್ತೀರಿ?" ಎಂದು ಕೇಳಿದೆ. ಅಳತೆ ತೆಗೆದು ವರದಿ ಬರೆಯಬೇಕಾದವರು ಅವರೇ. ಬಾಗಿಲು ನೀರು ಹಿಡಿಯಲಿ ಎಂದು ಅವರಿಗೂ ಆಸೆಯಿತ್ತು. ಆದರೆ ಆಸೆಗಾಗಿ ಅಳತೆಪಟ್ಟಿಯನ್ನು ಒಂದು ನೂಲಿನಷ್ಟೂ ಸರಿಸುವವರಲ್ಲ.

ಕಾವಲುಗಾರನ ಮೇಲೆ ನನಗೆ ಕನಿಕರವಿತ್ತು. ಜೊತೆಗೆ ಅನುಮಾನವೂ ಇತ್ತು. ಒಂದು ದಿನ ಇನ್ನೂ ಪೂರ್ತಿ ಬೆಳಕಾಗದ ಹೊತ್ತಿನಲ್ಲಿ ಕಲ್ಲುಹಾಸಿನ ದಾರಿಯಲ್ಲಿ ಬರುತ್ತಿದ್ದಾಗ ಅವನು ಕೆಳಗಿನ ಬಾಗಿಲ ಮೇಲಿನ ಹಲಗೆಯಲ್ಲಿ ಮಂಡಿಯೂರಿ ಕೂತು ತೊಟ್ಟಿಯ ನೀರಿಗೆ ಏನನ್ನೋ ಮುಷ್ಟಿ ಮುಷ್ಟಿಯಾಗಿ ಬಿಡುತ್ತಿದ್ದ. ಪಕ್ಕದಲ್ಲೊಂದು ಗೋಣಿಚೀಲ. ನನ್ನ ಚಪ್ಪಲಿಯ ಸದ್ದಿಗೆ ಅವನು ಬೆಚ್ಚಿ, ಚೀಲವನ್ನು ಬೆನ್ನ ಹಿಂದೆ ಎಳೆದುಕೊಂಡು, "ನಮಸ್ಕಾರ ಬಾಯಿಸಾಹೇಬ್" ಎಂದ. ಕೈ ಮೊಣಕೈವರೆಗೆ ಬೂದುಬಣ್ಣವಾಗಿತ್ತು. ಮೀನಿಗೆ ಸುಣ್ಣ ಹಾಕಿ ಕೊಲ್ಲುತ್ತಿದ್ದಾನೆ, ಮಾರಿಕೊಳ್ಳುತ್ತಾನೆ ಎಂದು ನಾನು ಅಲ್ಲೇ ತೀರ್ಪು ಕೊಟ್ಟುಬಿಟ್ಟೆ. ಮರುದಿನ ಕೆಳದಾರಿಯಲ್ಲಿ ಬರುವಾಗ ಸತ್ತ ಮೀನುಗಳಿಗಾಗಿ ನೀರೆಲ್ಲ ಹುಡುಕಿದೆ. ಒಂದೂ ಕಾಣಲಿಲ್ಲ. ಎಷ್ಟು ಚಾಲಾಕಿನವನು, ಬೆಳಗಾಗುವ ಮೊದಲೇ ಎಲ್ಲ ಬಾಚಿಕೊಂಡಿದ್ದಾನೆ ಎಂದುಕೊಂಡೆ.

ಈಗ ಇದನ್ನು ಓದುವವರಿಗೆ ನನ್ನ ದಡ್ಡತನ ಕಣ್ಣಿಗೆ ಹೊಡೆಯುತ್ತಿರಬಹುದು. ಮನೆಯ ಹಿಂದೆ ಬೂದಿ ಹೋಗುತ್ತಿದೆ. ನದಿಯ ಬಳಿ ಒಬ್ಬನ ಕೈ ಬೂದುಬಣ್ಣವಾಗಿದೆ. ಎರಡನ್ನೂ ಕೂಡಿಸಲು ಎಷ್ಟು ಬುದ್ಧಿ ಬೇಕು? ಆದರೆ ನಾನು ಆ ಎರಡು ಅನುಮಾನಗಳನ್ನು ಬೇರೆ ಬೇರೆ ಸಾಕಿಕೊಂಡಿದ್ದೆ, ಒಂದಕ್ಕೊಂದು ಪರಿಚಯ ಮಾಡಿಸಲೇ ಇಲ್ಲ. ಅನುಮಾನ ಪಡುವವರು ಚುರುಕಾಗಿರುತ್ತಾರೆ ಎಂಬುದು ಸುಳ್ಳು. ನನ್ನಂಥವರಿಗೆ ಬೇಕಾದದ್ದು ಕಳ್ಳ, ಉತ್ತರವಲ್ಲ.

ಏಳು ಮನೆಯ ಹೆಂಗಸರು ನಮ್ಮ ಅಂಗಳದಲ್ಲಿ ಸೇರಿದೆವು. ಬೂದಿಯನ್ನು ಮಾಟಕ್ಕೆ ಒಯ್ಯುತ್ತಾರೆ, ಒಲೆಯ ಬೂದಿ ಹೋದರೆ ಮನೆಯ ಏಳಿಗೆ ಹೋಗುತ್ತದೆ ಎಂದು ಒಬ್ಬಳು ಹೇಳಿದಳು. ಗುಡಿಸಿ ಹೋಗುವುದಕ್ಕೆ ಅದಕ್ಕಿಂತ ಸರಿಯಾದ ಕಾರಣ ನಮಗೆ ಹೊಳೆಯಲಿಲ್ಲ. ಯಾರನ್ನಾದರೂ ಕಾವಲಿಡೋಣ ಎಂದರೆ ಚಳಿಯಲ್ಲಿ ಎದ್ದು ಕೂರಲು ಗಂಡಸರು ಯಾರೂ ತಯಾರಿಲ್ಲ. ಆಗ ಉಪಾಯ ಹೇಳಿದವಳು ನಾನು. ಧಾರವಾಡದ ಕಡೆ ನಮ್ಮ ಅಜ್ಜಿ ಮಾವಿನ ಗಿಡಕ್ಕೆ ಕಲ್ಲು ಹೊಡೆಯುವವರನ್ನು ತಡೆಯಲು ಬುಡದಲ್ಲಿ ಕುಯ್ದ ನಿಂಬೆಹಣ್ಣು ಇಟ್ಟು ಕುಂಕುಮ ಸುರಿಯುತ್ತಿದ್ದಳು. ಮಂತ್ರವೂ ಇಲ್ಲ, ತಂತ್ರವೂ ಇಲ್ಲ. ನೋಡಿದವರ ಎದೆಯೇ ಉಳಿದ ಕೆಲಸ ಮಾಡುತ್ತಿತ್ತು. "ಬೂದಿ ಮ್ಯಾಲೆ ಲಿಂಬಿಹಣ್ಣು, ಕುಂಕುಮ ಇಡೂಣು. ಯಾರ ಒಯ್ಯತಾರೋ ಅವರ ಕೈ ನಡಗಬೇಕು" ಎಂದೆ. ಮೂರನೇ ಮನೆಯವಳು ಚಪ್ಪಾಳೆ ತಟ್ಟಿ, "ಏಕದಮ್ ಬರೋಬರ್!" ಎಂದಳು. ಅಮಾವಾಸ್ಯೆಯ ದಿನ ಮಾಡಿದರೆ ಇನ್ನೂ ಚಲೋ ಎಂದು ದಿನವನ್ನು ಗೊತ್ತು ಮಾಡಿದವಳೂ ನಾನೇ.

ಅಮಾವಾಸ್ಯೆಯ ಸಂಜೆ ಏಳು ರಾಶಿಗಳ ಮೇಲೂ ಕುಯ್ದ ನಿಂಬೆಹಣ್ಣುಗಳು ಕೂತವು. ಕುಂಕುಮ ಕೈ ಬಿಚ್ಚಿ ಸುರಿದೆವು. ನಮ್ಮ ರಾಶಿಯ ಮೇಲೆ ನಾನು ಹೆಚ್ಚಿಗೆಯಾಗಿ ಒಂದು ಎಕ್ಕದ ಎಲೆಯನ್ನೂ ಸಿಕ್ಕಿಸಿದೆ. ನೋಡಿ ನನಗೇ ಸ್ವಲ್ಪ ಭಯವಾಯಿತು, ಆದ್ದರಿಂದ ತೃಪ್ತಿಯೂ ಆಯಿತು. ರಾತ್ರಿ ಊಟದ ಹೊತ್ತಿಗೆ ನನ್ನ ಗಂಡ, ನಾಳೆ ಬೆಳಿಗ್ಗೆ ಎಂಟಕ್ಕೆ ತೊಟ್ಟಿ ತುಂಬಿಸಿ ಗುರುತು ಹಾಕುತ್ತೇವೆ, ನಾಡಿದ್ದು ಎಂಟಕ್ಕೆ ಅಳತೆ ಎಂದರು. ನಾನು ಹೂಂ ಎಂದೆ.

ಬೆಳಿಗ್ಗೆ ಎದ್ದವಳೇ ಹಿತ್ತಿಲಿಗೆ ಓಡಿದೆ. ಬೂದಿ ಇತ್ತು. ಏಳೂ ಮನೆಗಳಲ್ಲಿ ಇತ್ತು. ಗೋಡೆಯ ಪಕ್ಕದ ಇಬ್ಬನಿಯಲ್ಲಿ ಬರಿಗಾಲಿನ ಹೆಜ್ಜೆಗಳು ನಮ್ಮ ರಾಶಿಯವರೆಗೆ ಬಂದು, ಅಲ್ಲಿ ನಿಂತು, ಎರಡನೇ ಮನೆಗೆ ಹೋಗಿ, ಹಾಗೇ ಏಳನೆಯದರವರೆಗೂ ಹೋಗಿದ್ದವು. ಹೆಂಗಸರೆಲ್ಲ ಗೆದ್ದ ಸಂಭ್ರಮದಲ್ಲಿ ನಮ್ಮ ಮನೆಯಲ್ಲಿ ಚಹಾ ಕುಡಿದರು. ನಾನು ಅವಲಕ್ಕಿ ಒಗ್ಗರಣೆ ಹಾಕಿ ಕೊಟ್ಟೆ. ಯಾರ ಪುಣ್ಯವೋ, ಆ ದಿನ ನಾನು ಹಾಲಿಗೆ ಬೆರಳದ್ದಲಿಲ್ಲ.

ಮರುದಿನ ಅಳತೆ ನೋಡಲು ನಾನೂ ನನ್ನ ಗಂಡನ ಹಿಂದೆ ನದಿಗೆ ಹೋದೆ. ಹಿಂದಿನ ದಿನ ಸೀಮೆಸುಣ್ಣದಲ್ಲಿ ಎಳೆದ ಗೆರೆ ತೊಟ್ಟಿಯ ಗೋಡೆಯ ಮೇಲೆ ಒಣಗಿ ಬೆಳ್ಳಗೆ ಕಾಣುತ್ತಿತ್ತು. ನೀರು ಅದರಿಂದ ಬಹಳ ಕೆಳಗಿತ್ತು. ಕೆಳಗಿನ ಬಾಗಿಲಿನ ಹಲಗೆಗಳ ಸಂದಿಯಿಂದ ನೀರು ಮೂರು ನಾಲ್ಕು ಕಡೆ ಚಿಮ್ಮುವ ಸದ್ದು ದಾರಿಯವರೆಗೂ ಕೇಳಿಸುತ್ತಿತ್ತು. ನನ್ನ ಗಂಡ ಪಟ್ಟಿ ಇಳಿಬಿಟ್ಟು ಒಮ್ಮೆ ಅಳೆದರು. ಇನ್ನೊಮ್ಮೆ ಅಳೆದರು. ಗೇಣಲ್ಲ, ಒಂದು ಮೊಳ. ಅವರು ಕಾವಲುಗಾರನ ಹೆಗಲ ಮೇಲೆ ಕೈಯಿಟ್ಟು, ಅಳತೆಯನ್ನು ಬರೆದುಕೊಂಡು ಆಫೀಸಿಗೆ ಹೋದರು. ಅವನು ಬಾಗಿಲ ಹಲಗೆಯ ಮೇಲೆ ಕೂತೇ ಇದ್ದ.

ನಾನು ಸಮಾಧಾನದ ಮಾತು ಹೇಳಲು ಹತ್ತಿರ ಹೋದೆ. ಆಗ ಅವನು ಎಲ್ಲ ಹೇಳಿದ. ಮರದ ಬಾಗಿಲು ಹಳೆಯದಾದರೆ ಹಲಗೆಯ ಸಂದಿಗಳು ಸೋರುತ್ತವೆ. ಸೋರುವ ಕಡೆ ಒಳಗಿನಿಂದ ಕಲ್ಲಿದ್ದಲ ತರಿಬೂದಿಯನ್ನು ಸ್ವಲ್ಪ ಸ್ವಲ್ಪವೇ ಬಿಟ್ಟರೆ, ಹೊರಹೋಗುವ ನೀರೇ ಅದನ್ನು ಎಳೆದು ಸಂದಿಯಲ್ಲಿ ತುರುಕುತ್ತದೆ; ಬಾಗಿಲು ನೀರು ಹಿಡಿಯುತ್ತದೆ. ಅದು ಅವನ ಅಜ್ಜನ ಕಾಲದಿಂದ ಬಂದ ಕೆಲಸ. ಮೊದಲೆಲ್ಲ ರೈಲಿನ ಹಬೆ ಎಂಜಿನ್ನಿನ ಬೂದಿ ಬೇಕಾದಷ್ಟು ಸಿಗುತ್ತಿತ್ತು. ಡೀಸೆಲ್ ಎಂಜಿನ್ನು ಬಂದ ಮೇಲೆ ಅದು ನಿಂತಿತು. ಬೇರೆ ದಾರಿ ಕಾಣದೆ ಸಾಲುಮನೆಗಳ ಹಿಂದೆ ಬಿದ್ದ ಬೂದಿಯನ್ನು ಬೆಳಗಿನ ಜಾವ ತುಂಬಿಕೊಂಡು ಬರುತ್ತಿದ್ದ.

"ಕೇಳಿ ಒಯ್ಯಬಹುದಿತ್ತಲ್ಲ!" ಎಂದೆ. ನನ್ನ ದನಿ ನನಗೇ ಕೀರಲಾಗಿ ಕೇಳಿಸಿತು.

"ಹ್ಯಾಂಗ ಕೇಳಲಿ ಬಾಯಿಸಾಹೇಬ್? ಮೊದಲ ಮನಿ ನಿಮ್ಮದು. ಬೂದಿ ಯಾಕ ಅಂತ ಸಾಹೇಬರು ಕೇಳಿದರ, ಬಾಗಿಲು ಸೋರತದ ಅನ್ನಬೇಕಾಗತಿತ್ತು. ಬಿಸಾಡಿದ್ದ ಒಯ್ದೆ. ಜಾಗಾ ಸಾಫ್ ಮಾಡಿ ಬಂದೆ. ಪುಕ್ಕಟೆ ಒಯ್ಯಬಾರದು ಅಂತ."

ಕಸಬರಿಗೆಯ ಗೆರೆಗಳ ಅರ್ಥ ನನಗೆ ಆಗ ಗೊತ್ತಾಯಿತು. ಪರೀಕ್ಷೆಯ ದಿನಕ್ಕೆ ಎರಡು ಚೀಲ ಬೂದಿ ಬೇಕಿತ್ತಂತೆ. ಹೋಗಿ ನೋಡಿದರೆ ಏಳು ಮನೆಗಳ ಹಿಂದೆಯೂ ನಿಂಬೆಹಣ್ಣು, ಕುಂಕುಮ. ಅವನು ಮುಟ್ಟಲಿಲ್ಲ. ಅಂಥದ್ದನ್ನು ನೀರಿಗೆ ಬಿಟ್ಟರೆ ಕೆಳಗಿನ ಮೆಟ್ಟಿಲಲ್ಲಿ ಸ್ನಾನ ಮಾಡುವವರಿಗೆಲ್ಲ ತಟ್ಟುತ್ತದೆ ಎಂದು ಹೆದರಿ ಖಾಲಿ ಚೀಲದೊಂದಿಗೆ ಹಿಂದಿರುಗಿದ. ತನ್ನ ಒಲೆಯ ಒಂದು ಮೊರ ಬೂದಿಯನ್ನಷ್ಟೇ ಬಿಟ್ಟು ಬಾಗಿಲು ಮುಚ್ಚಿದ.

"ಯಾರೋ ನನಗಂತನ ಮಾಡ್ಯಾರ" ಎಂದ. "ನಾ ಅಲ್ಲಿಂದ ಬೂದಿ ತರತೇನಿ ಅಂತ ಈ ಊರಾಗ ಒಬ್ಬನಿಗೇ ಗೊತ್ತಿತ್ತು. ನನ್ನ ತಮ್ಮಗ. ಈ ಬಾಗಿಲು ಹೋದರ ಸಾಕು ಅಂತ ಕಾಯತಿದ್ದವನೂ ಅವನೊಬ್ಬನೇ."

ಆ ಕ್ಷಣ ನಾನು ಬಾಯಿ ತೆರೆಯಬೇಕಿತ್ತು. ತೆರೆಯಲಿಲ್ಲ. ಓವರ್ಸಿಯರನ ಹೆಂಡತಿ ಬೂದಿಗೆ ಮಾಟದ ವೇಷ ಹಾಕಿದಳು ಎಂದು ಊರೆಲ್ಲ ಆಡಿಕೊಳ್ಳುತ್ತದೆ ಎಂಬ ನಾಚಿಕೆಯೇ ಆಗ ನನಗೆ ದೊಡ್ಡದಾಯಿತು. "ತಮ್ಮ ಹಂಗ ಮಾಡಾಂವಲ್ಲ" ಎಂದು ಗೊಣಗಿ ಮನೆಗೆ ಬಂದೆ.

ಮಧ್ಯಾಹ್ನ ಊಟಕ್ಕೆ ಬಂದ ಗಂಡನಿಗೆ ಎಲ್ಲವನ್ನೂ ಹೇಳಿದೆ. ಇನ್ನೊಮ್ಮೆ ಪರೀಕ್ಷೆ ಮಾಡಿ, ಎರಡು ಚೀಲವಲ್ಲ ನಾಲ್ಕು ಚೀಲ ಬೂದಿ ನಾನೇ ಹೊತ್ತು ಕೊಡುತ್ತೇನೆ ಎಂದೆ. ಅವರು ಅನ್ನ ಕಲಸುತ್ತ ಹೇಳಿದರು.

"ಬೂದಿ ಹಾಕಿದರ ನೀರು ನಿಲ್ತದ ಅಂದ್ರ, ಹಾಕದಿದ್ದರ ಸೋರ್ತದ ಅಂತನ ಅರ್ಥ ಅಲ್ಲೇನು? ನೀ ಹೇಳಿದ್ದು ಬರದರ ಬಾಗಿಲಾ ಮೊದಲಿಂದನ ಕೆಟ್ಟಿತ್ತು ಅಂತ ಆಗತೈತಿ. ಅವಂಗ ಇನ್ನೂ ಕೆಡುಕು. ಏನ್ ಬರೀಲಿ ಹೇಳು."

ಬಾಗಿಲು ಕಾಯುವುದೆಂದರೆ ಅದೇ ತಾನೇ, ಸೋರುವುದನ್ನು ದಿನಾ ನಿಲ್ಲಿಸುವುದೇ ಆ ಮನುಷ್ಯನ ಕೆಲಸ ತಾನೇ ಎಂಬ ಮಾತು ಹೊಳೆದದ್ದು ಸಂಜೆ ಪಾತ್ರೆ ತಿಕ್ಕುವಾಗ. ಆಗ ಹೇಳಿದೆ. ಅವರು, "ಹೌದು. ಆದರ ಅದನ್ನ ಬರಿಯಾಕ ಆ ಕಾಗದದಾಗ ಜಾಗಾ ಇಲ್ಲ" ಎಂದರು. ಅವರ ಮುಖದಲ್ಲಿ ನಗೆಯಿರಲಿಲ್ಲ. ವರದಿ ಆಗಲೇ ಹೋಗಿತ್ತು.

ಅದಾದ ಮೇಲೆ ಹುಕುಂ ಬರುವವರೆಗೆ ಒಂದೂವರೆ ತಿಂಗಳು. ಅಷ್ಟೂ ದಿನ ನಾನು ನದಿಯ ದಾರಿಗೆ ಹೋಗಲಿಲ್ಲ. ಮೊಣಕಾಲು ನೋವು ಎಂದು ಹೆಂಗಸರಿಗೆ ಸುಳ್ಳು ಹೇಳಿದೆ. ರಾಮದಾಸಪೇಠಿನ ಡಾಕ್ಟರನ್ನು ನೋಡು ಎಂದು ಅವರು ಒತ್ತಾಯ ಮಾಡಿದರು. ಮೂರನೇ ಮನೆಯವಳು ಸುದ್ದಿ ತರುತ್ತಿದ್ದಳು. ಅಣ್ಣ ತಮ್ಮಂದಿರು ಒಂದೇ ಮನೆಯಲ್ಲಿ ಎರಡು ಒಲೆ ಹೂಡಿದ್ದಾರಂತೆ. ಅಣ್ಣ ತಮ್ಮನ ಕೈಯ ನೀರೂ ಮುಟ್ಟುತ್ತಿಲ್ಲವಂತೆ. ತಮ್ಮ ಒಂದು ಸಂಜೆ ದೇವರ ಫೋಟೋ ಮುಟ್ಟಿ ಆಣೆ ಮಾಡಿದರೆ ಅಣ್ಣ ಆ ಫೋಟೋವನ್ನೇ ಗೋಡೆಯಿಂದ ತೆಗೆದಿಟ್ಟನಂತೆ. ಹೇಳುವಾಗ ಅವಳಿಗೆ ನಮ್ಮ ನಿಂಬೆಹಣ್ಣಿನ ನೆನಪೇ ಬರಲಿಲ್ಲ. ನನಗೆ ಅವಳ ಮೇಲೆ ವಿಪರೀತ ಸಿಟ್ಟು ಬಂತು, ನನ್ನ ಮೇಲೆ ಬರಬೇಕಾದದ್ದು.

ಅವರು ಮನೆ ಖಾಲಿ ಮಾಡುವ ಬೆಳಿಗ್ಗೆ ತಡೆಯಲಾಗದೆ ಹೋದೆ. ಮನೆಯ ಮುಂದೆ ಎರಡು ಕಡೆ ಸಾಮಾನು ಬೇರೆ ಬೇರೆ ಇಟ್ಟಿತ್ತು. ಒಂದು ಕಡೆ ಅಣ್ಣನ ಟ್ರಂಕು, ಹಾಸಿಗೆ ಸುರುಳಿ. ನದಿಯಾಚೆಯ ಹಳ್ಳಿಯಲ್ಲಿ ದೂರದ ಸಂಬಂಧಿಯೊಬ್ಬರ ಕೊಟ್ಟಿಗೆಯ ಪಕ್ಕ ಒಂದು ಕೋಣೆ ಸಿಕ್ಕಿತ್ತಂತೆ. ಇನ್ನೊಂದು ಕಡೆ ತಮ್ಮನ ಗಂಟು. ಅವನು ವಾಡಿಯಲ್ಲಿ ಇಬ್ಬರಿಗೂ ಆಗುವಂಥ ಖೋಲಿಯನ್ನೇ ನೋಡಿದ್ದ. ಅಣ್ಣ ಬರುವುದಿಲ್ಲ ಎಂದಿದ್ದ. ತಮ್ಮ ಹುಣಿಸೆಮರದ ಕೆಳಗೆ ನಮಗೆ ಬೆನ್ನು ಮಾಡಿ ನಿಂತಿದ್ದ.

ನಾನು ಪೀಠಿಕೆ ಹಾಕಲಿಲ್ಲ. "ನಿನ್ನ ತಮ್ಮ ಏನೂ ಮಾಡಿಲ್ಲ. ನಿಂಬೆಹಣ್ಣು ಇಟ್ಟವಳು ನಾನು. ಏಳು ಮನೆಯಲ್ಲೂ ಇಡಿಸಿದವಳು ನಾನು" ಎಂದು ಮರಾಠಿಯಲ್ಲಿ ಒಂದೇ ಉಸಿರಿಗೆ ಹೇಳಿದೆ.

ಅವನು ನನ್ನನ್ನು ನೋಡಿದ. "ನಾ ಬೂದಿ ಒಯ್ಯತೇನಿ ಅಂತ ನಿಮಗ ಗೊತ್ತಿತ್ತೇನು?"

"ಇಲ್ಲ. ಯಾರು ಅಂತ ಗೊತ್ತಿರಲಿಲ್ಲ."

"ಗೊತ್ತಿಲ್ಲದವರಿಗೆ ಯಾರರ ಮಾಟ ಮಾಡ್ತಾರೇನು ಬಾಯಿಸಾಹೇಬ್?"

"ಮಾಟ ಅಲ್ಲ ಅದು. ಸುಳ್ಳು. ಹೆದರಿಸೋದಕ್ಕೆ ಇಟ್ಟದ್ದು."

"ಬೂದಿಗಾಗಿ?" ಎಂದು ಅವನು ಕೇಳಿದ. "ಬಿಸಾಡಿದ ಬೂದಿಗಾಗಿ ಏಳು ಮನಿಯ ದೊಡ್ಡ ದೊಡ್ಡ ಬಾಯಂದಿರು ಕೂಡಿ ನಿಂಬೆಹಣ್ಣು ಕುಯ್ದರು?"

ನಾನು ಹೌದು ಎಂದೆ. ಇನ್ನೊಮ್ಮೆ ಹೌದು ಎಂದೆ. ಎಕ್ಕದ ಎಲೆ ಸಿಕ್ಕಿಸಿದ್ದನ್ನೂ ಹೇಳಿದೆ. ಹೇಳುತ್ತ ಹೋದಂತೆ ನನ್ನ ಸತ್ಯ ನನಗೇ ಕಟ್ಟುಕಥೆಯ ಹಾಗೆ ಕೇಳಿಸತೊಡಗಿತು. ಅವನ ಕಥೆಯಲ್ಲಿ ಕಾರಣವಿತ್ತು, ಗೊತ್ತಿದ್ದವನಿದ್ದ, ಲಾಭ ಪಡೆಯುವವನಿದ್ದ. ನನ್ನದರಲ್ಲಿ ಏನೂ ಇರಲಿಲ್ಲ. ನನ್ನ ಮುಂದೆ ಯಾರಾದರೂ ಈ ಎರಡನ್ನೂ ಇಟ್ಟಿದ್ದರೆ ನಾನೂ ಅವನದನ್ನೇ ನಂಬುತ್ತಿದ್ದೆ.

ಅವನು ಎರಡೂ ಕೈ ಜೋಡಿಸಿದ. ಕಣ್ಣಲ್ಲಿ ನೀರಿತ್ತು. "ನೀವು ದೊಡ್ಡ ಮನಸ್ಸಿನವರು. ಅಣ್ಣ ತಮ್ಮರ ಮನಿ ಒಡೀಬಾರದು ಅಂತ ತಪ್ಪು ನಿಮ್ಮ ತಲೀ ಮ್ಯಾಲೆ ಹಾಕ್ಕೋತೀರಿ. ಇಂಥ ಮಾತು ಯಾರು ಆಡ್ತಾರ? ಆದರ ಅವನ್ನ ಉಳಸಬ್ಯಾಡ್ರಿ" ಎಂದು ಹೇಳಿ, ಟ್ರಂಕನ್ನು ತಲೆಗೇರಿಸಿ, ಹಾಸಿಗೆಯನ್ನು ಕಂಕುಳಲ್ಲಿ ಒತ್ತಿಕೊಂಡು ಕೆಳದಾರಿಯಲ್ಲಿ ಇಳಿದುಹೋದ.

ಹುಣಿಸೆಮರದ ಕೆಳಗಿದ್ದ ತಮ್ಮ ಆಗ ತಿರುಗಿದ. ಅವನು ಪ್ರತಿಯೊಂದು ಮಾತನ್ನೂ ಕೇಳಿಸಿಕೊಂಡಿದ್ದ. ನನ್ನನ್ನು ನೇರವಾಗಿ ನೋಡಿದ. ಆ ಊರಿನಲ್ಲಿ ನನ್ನ ಮಾತನ್ನು ನಂಬಿದವನು ಅವನೊಬ್ಬನೇ ಎಂದು ಅವನ ಮುಖ ನೋಡಿದ ಕೂಡಲೇ ನನಗೆ ಗೊತ್ತಾಯಿತು. ಬೈಯುತ್ತಾನೆ ಎಂದು ಕಾದೆ, ಬೈದರೆ ಸಾಕು ಎಂದು ಬೇಡಿಕೊಂಡ ಹಾಗೆ ನಿಂತೆ. ಅವನು, "ಒಂದೂವರೆ ತಿಂಗಳು ಎಲ್ಲಿದ್ರಿ?" ಎಂದು ಮಾತ್ರ ಕೇಳಿದ. ಆಮೇಲೆ ಗಂಟು ಎತ್ತಿಕೊಂಡು ಬಸ್ಸಿನ ರಸ್ತೆಯ ಕಡೆ ನಡೆದ.